ಬಾಳಿಕೆ ಬರುವಂಥ ಶೂ

ನನ್ನ ಗಂಡ ಹುಟ್ಟಿದ್ದು, ಬೆಳೆದದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಮಧುಗಿರಿಯಲ್ಲೇ. ಮನೆ ಬೆಟ್ಟದ ಬುಡದ ಬೀದಿಯಲ್ಲಿ. ಹಿತ್ತಿಲ ಬಾಗಿಲು ತೆಗೆದರೆ ಆಕಾಶ ಕಾಣುವುದಿಲ್ಲ, ಬಂಡೆ ಕಾಣುತ್ತದೆ. ನಾನು ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆಯವಳು. ಚಿಕ್ಕಂದಿನಲ್ಲಿ ಸೀತಾಫಲದ ಕಾಲ ಬಂತೆಂದರೆ ಗುಡ್ಡದ ಮೇಲೇ ಇರುತ್ತಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ, ಇಷ್ಟು ಹತ್ತಿರದಲ್ಲಿ ಇಂಥ ಬೆಟ್ಟ ಇಟ್ಟುಕೊಂಡು ಸುಮ್ಮನೆ ಕೂರುವುದು ಹೇಗೆ ಅನ್ನಿಸಿ, ಒಂದು ಭಾನುವಾರ ಹತ್ತಿ ಬರೋಣ ಎಂದೆ. ಹೋಗೋಣ, ಆದರೆ ಚಪ್ಪಲಿಯಲ್ಲಿ ಹತ್ತುವಂಥ ಬೆಟ್ಟವಲ್ಲ ಇದು, ಮೊದಲು ಒಳ್ಳೆಯ ಶೂ ತೆಗೆದುಕೊಳ್ಳೋಣ ಎಂದರು. ನನಗೆ ಖುಷಿಯಾಯಿತು. ನಮ್ಮಪ್ಪ ನನಗೆ ಶೂ ಕೊಡಿಸಿದವರೇ ಅಲ್ಲ.

ಆ ಶೂ ಆರಿಸುವುದಕ್ಕೆ ಅವರು ಪಟ್ಟ ಶ್ರಮ ನೋಡಿ ನಾನು ಇಂಥವರ ಕೈ ಹಿಡಿದದ್ದು ಪುಣ್ಯ ಅಂದುಕೊಂಡೆ. ತುಮಕೂರಿನ ಅಂಗಡಿಗಳನ್ನೆಲ್ಲ ಸುತ್ತಿದರು. ಬೆಂಗಳೂರಿಗೆ ಆಫೀಸಿನ ಕೆಲಸಕ್ಕೆ ಹೋದಾಗಲೆಲ್ಲ ಶೂ ಅಂಗಡಿಗೆ ನುಗ್ಗಿ, ಹಿಮ್ಮಡಿ ಒತ್ತಿ, ಅಡಿಯ ಸೋಲು ಬಾಗಿಸಿ, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ ಬರುತ್ತಿದ್ದರು. ಕೊನೆಗೆ ಇಬ್ಬರಿಗೂ ಒಂದೇ ಥರದ ಜೋಡಿ ಬಂದವು. ಕಂದು ಬಣ್ಣದ ದಪ್ಪ ಚರ್ಮ, ಹಿತ್ತಾಳೆ ಕೊಕ್ಕೆ, ಕಣಕಾಲು ಮುಚ್ಚುವಷ್ಟು ಎತ್ತರ. ಜೀವಮಾನಕ್ಕೆ ಒಂದೇ ಸಲ ತೆಗೆದುಕೊಳ್ಳುವಂಥದ್ದು ಎಂದರು. ನಾನು ಮನೆಯೊಳಗೇ ಹಾಕಿಕೊಂಡು ಅಡಿಗೆಮನೆಯಿಂದ ಹಜಾರದವರೆಗೆ ನಡೆದೆ. ಆಮೇಲೆ ಅವನ್ನು ಕಾಗದ ತುಂಬಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಡಬ್ಬದಲ್ಲಿಟ್ಟು ಅಟ್ಟದ ಮೇಲೆ ಹಾಕಿದರು. ಶೂ ಬಂತು, ಬೆನ್ನಿಗೆ ಹಾಕುವ ಬ್ಯಾಗು ಸರಿಯಾದದ್ದು ಇಲ್ಲವಲ್ಲ, ಅದು ಬರಲಿ ಎಂದರು.

ಬ್ಯಾಗು ಬಂತು. ಬಿಸಿ ಆರದ ಸ್ಟೀಲ್ ಫ್ಲಾಸ್ಕು ಬಂತು. ಹಗ್ಗ, ಮಡಚುವ ಚಾಕು, ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಮಳೆಗೆ ನೆನೆಯದ ಜಾಕೆಟ್ಟು, ಇಬ್ಬರು ಮಲಗುವ ಟೆಂಟು. ಒಂದೊಂದಕ್ಕೂ ತಿಂಗಳುಗಟ್ಟಲೆ ವಿಚಾರಣೆ. ನಡುವೆ ಮಗಳು ಹುಟ್ಟಿದಳು, ಬೆಳೆದಳು. ಅಟ್ಟವೂ ತುಂಬಿತು. ಮನೆಸಾಮಾನಿಗೂ ಇದೇ ಕಥೆ. ಮೂರು ಪದರದ ತಳ ಇರುವ ಸ್ಟೀಲ್ ಪಾತ್ರೆಗಳು ಅಟ್ಟದ ಮೇಲೆ, ನಾನು ಅನ್ನ ಮಾಡುವುದು ಸೊಟ್ಟ ಮುಚ್ಚಳದ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ. ಹೊಸ ಮಿಕ್ಸಿ ಡಬ್ಬದಲ್ಲಿ, ಹಳೆಯದು ಅರೆಯುವಾಗ ಕೈಯಲ್ಲಿ ಅದುಮಿ ಹಿಡಿಯಬೇಕು. ಸೋಫಾಕ್ಕೆ ಅಂಗಡಿಯವನು ಹಾಕಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ಬೇಸಿಗೆಯಲ್ಲಿ ಕೂತರೆ ತೊಡೆಗೆ ಅಂಟಿಕೊಳ್ಳುತ್ತಿತ್ತು. ಕೇಳಿದರೆ, ಒಳ್ಳೆಯದು ಇದೆಯಲ್ಲ, ಎಲ್ಲಿಗೆ ಹೋಗುತ್ತದೆ, ಹಳೆಯದು ಮುಗಿಯಲಿ ಅನ್ನುವರು. ನಮ್ಮ ಮನೆಯಲ್ಲಿ ಹಳೆಯದು ಮುಗಿಯುತ್ತಲೇ ಇರಲಿಲ್ಲ. ಅವರೇ ರಿಪೇರಿ ಮಾಡುತ್ತಿದ್ದರು.

ಅವರು ಜಿಪುಣರಲ್ಲ. ಕುಡಿಯುವವರಲ್ಲ, ಬೈಯುವವರಲ್ಲ. ಪಾವಗಡದ ನೆಂಟರು ಕೂಲರ್ ತೆಗೆದುಕೊಳ್ಳಬೇಕೆಂದರೂ ಶಿರಾದ ಸ್ನೇಹಿತರು ಮೋಟರ್ ತೆಗೆದುಕೊಳ್ಳಬೇಕೆಂದರೂ ಮೊದಲು ಇವರಿಗೆ ಫೋನ್ ಮಾಡುತ್ತಿದ್ದರು. ಇವರು ಹೇಳಿದ್ದು ಕೆಟ್ಟದ್ದಾದ ಉದಾಹರಣೆಯೂ ಇಲ್ಲ. ಹಾಗಾಗಿ ನಾನು ಯಾರ ಹತ್ತಿರ ಏನೆಂದು ದೂರಲಿ? ಗಂಡ ಒಳ್ಳೊಳ್ಳೆಯ ಸಾಮಾನು ತಂದು ಹಾಕುತ್ತಾನೆ ಎಂದು ದೂರಿದರೆ ತವರಿನವರೂ ನಗುತ್ತಿದ್ದರು. ಆದರೆ ಸ್ಕೂಲಿನ ಕೆಲಸ ಮುಗಿಸಿ ಬಂದು ಬಾಗಿಲು ತೆಗೆದಾಗ ನನಗೆ ಇದು ಯಾರೋ ಬೀಗ ಹಾಕಿಕೊಂಡು ಹೋದ ಮನೆ, ನಾನು ಕಾಯುವುದಕ್ಕೆ ಇದ್ದೇನೆ ಅನ್ನಿಸುತ್ತಿತ್ತು. ಮಗಳು ತುಮಕೂರಿನ ಹಾಸ್ಟೆಲ್ಲಿಗೆ ಸೇರಿದ ಮೇಲಂತೂ ಮಾತಿಲ್ಲದ ಆ ಮನೆಯಲ್ಲಿ ನಾನು, ಅವರು, ಹಿತ್ತಿಲಲ್ಲಿ ಬಂಡೆ.

ನಾನು ಐ.ಡಿ.ಹಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಹೋದ ವರ್ಷ ಅಲ್ಲಿಗೆ ಪಾವಗಡದ ಕಡೆಯಿಂದ ಹೊಸ ಟೀಚರೊಬ್ಬಳು ವರ್ಗವಾಗಿ ಬಂದಳು. ಕನ್ನಡದ ನಡುವೆ ತೆಲುಗು ನುಸುಳುವ, ಗಟ್ಟಿ ದನಿಯ ಹೆಂಗಸು. ಮಧುಗಿರಿಯಲ್ಲಿ ಮನೆ ಮಾಡಿದ ಮೊದಲ ಭಾನುವಾರವೇ ಬೆಟ್ಟ ಹತ್ತಿ ಬಂದಳು. ಸೋಮವಾರ ಊಟದ ಹೊತ್ತಿನಲ್ಲಿ ಮೇಲಿಂದ ಏನೇನು ಕಂಡಿತೆಂದು ಹೇಳುತ್ತ, ನಿಮ್ಮ ಮನೆಯ ತಾರಸಿಯೂ ಕಂಡಿರಬೇಕು ಅಕ್ಕಾ, ನೀವು ಹತ್ತಿದಾಗ ಯಾವ ಕಡೆಯಿಂದ ನೋಡಿದಿರಿ ಎಂದು ಕೇಳಿದಳು. ನಾನು ಹತ್ತಿಲ್ಲ ಎಂದೆ. ಅವಳು ನಗಲಿಲ್ಲ. ಮೊಣಕಾಲು ನೋವೇ ಎಂದು ಕೇಳಿದಳು.

ಅವತ್ತು ಮನೆಗೆ ಬಂದು, ಗುರುವಾರ ನಮಗೆ ಸ್ಥಳೀಯ ರಜೆ, ನಾನು ಬೆಟ್ಟಕ್ಕೆ ಹೋಗುತ್ತೇನೆ, ನೀವು ಬಂದರೂ ಸರಿ ಬಾರದಿದ್ದರೂ ಸರಿ ಎಂದು ಹೇಳಿಬಿಟ್ಟೆ. ಅವರು ತಟ್ಟೆಯಲ್ಲಿದ್ದ ಮುದ್ದೆ ಮುಗಿಸಿದರು. ಆಮೇಲೆ ಎದ್ದು ಕೈ ತೊಳೆದು ಏಣಿ ಹಾಕಿ ಅಟ್ಟ ಹತ್ತಿದರು.

ಶೂಗಳು ಇಟ್ಟ ಹಾಗೇ ಇದ್ದವು. ಚರ್ಮದ ಮೇಲೆ ಒಂದು ಗೀರಿಲ್ಲ, ಕೊಕ್ಕೆ ಫಳಫಳ ಅನ್ನುತ್ತಿತ್ತು. ಅವರು ಬಟ್ಟೆಯಿಂದ ಒರೆಸಿ, ನೋಡು, ನಿನ್ನೆ ತಂದ ಹಾಗಿದೆ ಎಂದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಬಹಳ ದಿನದಿಂದ ನೋಡಿರಲಿಲ್ಲ.

ಗುರುವಾರ ಅವರೂ ಆಫೀಸಿಗೆ ರಜೆ ಹಾಕಿದರು. ಬೆಳಿಗ್ಗೆ ತಂಪಿನಲ್ಲೇ ಹೊರಡಬೇಕೆಂದು ನನ್ನ ಲೆಕ್ಕ. ಅವರು ಬ್ಯಾಗು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿ ನೋಡಿ, ಹಗ್ಗವನ್ನು ಅದರ ಪ್ಲಾಸ್ಟಿಕ್ ಕವರಿನ ಸಮೇತ ಒಳಗಿಟ್ಟು ಹೊರಡುವ ಹೊತ್ತಿಗೆ ಬಿಸಿಲೇರಿತ್ತು. ಮಾರ್ಚಿನ ಬಿಸಿಲು. ವಾರದ ನಡುವಿನ ದಿನವಾದ್ದರಿಂದ ಜನವಿರಲಿಲ್ಲ. ಕೋಟೆಯ ಕೆಳಗಿನ ಬಾಗಿಲಲ್ಲಿ ಕೆಲವು ಕಾಲೇಜು ಹುಡುಗರು ಆಗಲೇ ಇಳಿದು ಹೋಗುತ್ತಿದ್ದರು.

ಮೊದಲು ಕಲ್ಲಿನ ಮೆಟ್ಟಿಲು. ಆಮೇಲೆ ಕೋಟೆಯ ಗೋಡೆ, ಬಾಗಿಲು, ಮತ್ತೆ ಮೆಟ್ಟಿಲು. ಅದಾದ ಮೇಲೆ ಮೆಟ್ಟಿಲೇ ಇಲ್ಲ. ಬೋಳು ಬಂಡೆಯ ಇಳಿಜಾರಿನಲ್ಲಿ ಪಾದದ ತುದಿ ಇಡುವಷ್ಟು ಕಚ್ಚು ಕಡಿದಿದ್ದಾರೆ, ಪಕ್ಕಕ್ಕೆ ಕೆಲವು ಕಡೆ ಕಬ್ಬಿಣದ ಕಂಬಿ. ನಾನು ಮುಂದೆ, ಅವರು ಹಿಂದೆ. ಅವರ ಉಸಿರು ಜೋರಾಗಿ ಕೇಳುತ್ತಿತ್ತು. ವಯಸ್ಸಾಯಿತಲ್ಲ, ದಣಿವು ಅಂದುಕೊಂಡೆ. ಕಂಬಿ ಇರುವಲ್ಲಿ ಎರಡೂ ಕೈಯಲ್ಲಿ ಹಿಡಿದು ಮುಖವನ್ನು ಬಂಡೆಗೆ ತಿರುಗಿಸಿಕೊಂಡೇ ಹತ್ತುತ್ತಿದ್ದರು. ನಾನು ಮಾತ್ರ ಹಿಂದೆ ತಿರುಗಿ ತಿರುಗಿ ಊರು ನೋಡುತ್ತಿದ್ದೆ. ಕೆರೆ, ಬಸ್ ಸ್ಟ್ಯಾಂಡು, ನಮ್ಮ ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕು. ಇಷ್ಟು ವರ್ಷ ಆ ಟ್ಯಾಂಕಿನ ಕೆಳಗೆ ಬಟ್ಟೆ ಒಣಹಾಕಿದವಳು ನಾನೇನಾ ಅನ್ನಿಸಿತು.

ಆ ಇಳಿಜಾರಿನ ತುದಿಯಲ್ಲಿ ಇನ್ನೊಂದು ಬಾಗಿಲಿದೆ. ಹಳೆಯ ಕಾವಲುಗಾರರು ಕೂರುತ್ತಿದ್ದ ಕಟ್ಟೆ, ಮೇಲೆ ಕಲ್ಲಿನ ಚಾವಣಿ. ಅದು ಸಿಗುವುದಕ್ಕೆ ಸ್ವಲ್ಪ ಮೊದಲು ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತು. ನೋಡಿದರೆ ಮುಂದಿನ ಅರ್ಧ ಸೋಲು ನಾಲಗೆಯ ಹಾಗೆ ಜೋತಾಡುತ್ತಿದೆ.

"ಅಂಟು ಬುಟ್ಟದೆ ಅಷ್ಟೇ ಕಣೆ. ಮೇಲುಕ್ಕೆ ನಡಿ, ಕಟ್ಕೊಡ್ತೀನಿ," ಎಂದರು.

ಬಾಗಿಲಿನ ನೆರಳಿಗೆ ಬಂದು ಕೂತು ಶೂ ತಿರುಗಿಸಿದಾಗ ಅಂಟು ಬಿಟ್ಟದ್ದಲ್ಲ ಎಂದು ಗೊತ್ತಾಯಿತು. ಚರ್ಮಕ್ಕೂ ಕೆಳಗಿನ ರಬ್ಬರಿಗೂ ನಡುವೆ ಮೆತ್ತಗಿನ ಒಂದು ಪದರ ಇರುತ್ತದಲ್ಲ, ಅದು ಬೆರಳಲ್ಲಿ ಮುಟ್ಟಿದರೆ ಹಳೆಯ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು. ಎಡಗಾಲಿನದೂ ಹಾಗೇ. ಅವರು ತಮ್ಮದನ್ನು ಬಿಚ್ಚಿದರು. ಹಿಮ್ಮಡಿ ಕೈಯಲ್ಲೇ ಕಿತ್ತು ಬಂತು. ಆ ಪದರವನ್ನು ಹಾಗೇ ವರ್ಷಗಟ್ಟಲೆ ಇಟ್ಟರೆ ಸೆಕೆಗೂ ತೇವಕ್ಕೂ ಒಳಗೊಳಗೇ ಹಳಸಿಹೋಗುತ್ತದೆ, ಆಗಾಗ ಹಾಕಿ ನಡೆಯುತ್ತಿದ್ದರೆ ಇನ್ನಷ್ಟು ಕಾಲ ಬರುತ್ತದೆ ಎಂದು ಆಮೇಲೆ ಮಗಳು ಓದಿ ಹೇಳಿದಳು. ಆಗ ನಮಗೆ ಅದೇನೂ ಗೊತ್ತಿರಲಿಲ್ಲ. ನಾಲ್ಕು ಶೂಗಳ ಸೋಲು ಆ ಕಟ್ಟೆಯ ಮೇಲೆ ತುಂಡುತುಂಡಾಗಿ ಬಿದ್ದಿದ್ದವು. ಮೇಲಿನ ಚರ್ಮ ಮಾತ್ರ ಮಿರಿಮಿರಿ ಮಿಂಚುತ್ತಿತ್ತು.

ಇನ್ನು ಮೇಲಕ್ಕೆ ಹೋಗುವ ಮಾತು ಮುಗಿಯಿತು. ಕೆಳಗೆ ಹೋಗುವುದು ಹೇಗೆ? ಸೋಲಿಲ್ಲದ ಶೂವಿನ ತಳ ಒಂದು ಗಟ್ಟಿ ರಟ್ಟಿನಂಥ ಹಾಳೆ. ಅದನ್ನು ಹಾಕಿಕೊಂಡು ಬಾಗಿಲಿನಿಂದ ಒಂದು ಹೆಜ್ಜೆ ಹೊರಗಿಟ್ಟೆ, ಎಣ್ಣೆ ಸವರಿದ ಹಾಗೆ ಜಾರಿತು. ಬಿಚ್ಚಿ ಬರಿಗಾಲಲ್ಲಿ ಇಟ್ಟೆ. ಬರಿಗಾಲು ಜಾರುವುದಿಲ್ಲ, ಆದರೆ ಬಂಡೆ ಕಾದ ಹೆಂಚಾಗಿತ್ತು. ಕಾಲುಚೀಲ ಹಾಕಿ ನೋಡಿದೆ. ಎರಡು ಕಚ್ಚು ಇಳಿಯುವಷ್ಟರಲ್ಲಿ ಅಂಗಾಲು ಚುರುಗುಟ್ಟಿ ವಾಪಸ್ ಓಡಿ ಬಂದೆ. ಮುಂದೆ ಉರಿಯುವ ಇಳಿಜಾರು, ಹಿಂದೆ ಇನ್ನೂ ಕಡಿದಾದ ಬಂಡೆ. ನಡುವೆ ಚಾಪೆಯಷ್ಟಗಲದ ನೆರಳು, ಅದರೊಳಗೆ ನಾವಿಬ್ಬರು.

ಅವರ ಅಣ್ಣನ ಮನೆ ನಮ್ಮ ಬೀದಿಯಲ್ಲೇ ಇದೆ. ಭಾವನವರಿಗೆ ಹೇಳಿದರೆ ಎರಡು ಜೊತೆ ಚಪ್ಪಲಿ ಕಳಿಸುತ್ತಾರೆ ಎಂದು ಫೋನ್ ತೆಗೆದೆ. ಅವರು ನನ್ನ ಕೈ ಹಿಡಿದುಕೊಂಡರು.

"ಯಾರ್ಗೂ ಮಾಡ್ಬ್ಯಾಡ. ಊರೆಲ್ಲ ನನ್ನ ಕೇಳ್ಕಂಡು ಸಾಮಾನ್ ತಗತಾರೆ. ಈಗ ಇಂಗಾಯ್ತು ಅಂದ್ರೆ ಮಕ ಎಲ್ಲಿ ಇಟ್ಕಳ್ಳಿ?"

ಆ ದನಿ ಕೇಳಿ ನಾನು ಫೋನ್ ಒಳಗಿಟ್ಟೆ. ಇಟ್ಟ ಮೇಲೆ ಸಿಟ್ಟು ಬಂತು. ಅವರ ಮೇಲೂ ಬಂತು, ಕೈ ಹಿಡಿದ ಕೂಡಲೆ ಒಳಗಿಟ್ಟ ನನ್ನ ಮೇಲೂ ಬಂತು. ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತೆ. ಫ್ಲಾಸ್ಕಿನಲ್ಲಿ ನೀರು ತಣ್ಣಗೇ ಇತ್ತು, ಅದು ಮಾತ್ರ ಹೇಳಿದ ಮಾತು ಉಳಿಸಿಕೊಂಡಿತ್ತು. ಕುಡಿದೆವು. ಮಂಗವೊಂದು ಬಂದು ಬಾಳೆಹಣ್ಣಿನ ಚೀಲ ಎತ್ತಿಕೊಂಡು ಹೋಯಿತು, ಇಬ್ಬರೂ ಓಡಿಸಲಿಲ್ಲ. ನೆರಳು ಕಿರಿದಾಗುತ್ತ ಬಂದಂತೆ ಕಾಲು ಮಡಚಿಕೊಳ್ಳುತ್ತ ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು. ಸೋಫಾದ ಪ್ಲಾಸ್ಟಿಕ್ಕು, ಅಟ್ಟ, ಡಬ್ಬಗಳು ಎಲ್ಲ ನೆನಪಾದವು. ಮನೆಯಿಂದ ಹೊರಗೆ ಬಂದೆ ಅಂದುಕೊಂಡಿದ್ದೆ. ಆ ಮನೆಯೇ ಬೆನ್ನು ಹತ್ತಿ ಬಂದು ಇಲ್ಲಿ ನಮ್ಮನ್ನು ಕೂರಿಸಿತು ಅನ್ನಿಸಿತು.

ಸೂರ್ಯ ಬೆಟ್ಟದ ಆಚೆಗೆ ವಾಲುವವರೆಗೆ ಕಾಯಲೇಬೇಕಿತ್ತು. ಆದರೆ ವಾಲಿದ ಮೇಲೂ ಬಂಡೆ ಬೇಗ ಆರುವುದಿಲ್ಲ, ಕತ್ತಲಾಗುವುದರೊಳಗೆ ಇಳಿಯಲೂಬೇಕು. ಕೂತು ಕೂತು ನನಗೊಂದು ಉಪಾಯ ಹೊಳೆಯಿತು. ನಮ್ಮೂರಲ್ಲಿ ತೆಂಗಿನ ಮರ ಹತ್ತುವವರು ಕಾಲಿಗೆ ಹಗ್ಗ ಹಾಕಿಕೊಳ್ಳುತ್ತಾರೆ. ಹಗ್ಗವನ್ನು ಈ ಸೋಲಿಲ್ಲದ ಶೂವಿಗೆ ಸುತ್ತಿ ಕಟ್ಟಿದರೆ ಬಂಡೆಯನ್ನು ಹಿಡಿಯಬಹುದಲ್ಲ. ಬ್ಯಾಗಿನಿಂದ ಹಗ್ಗ ತೆಗೆದೆ, ಕವರು ಹರಿದೆ, ಚಾಕು ಕೊಡಿ ಎಂದೆ. ಅವರು ಚಾಕು ಕೈಯಲ್ಲಿ ಹಿಡಿದುಕೊಂಡೇ ಕೂತರು.

"ಕತ್ತರುಸ್ಬುಟ್ರೆ ಆಮೇಲೆ ಇದು ಯಾವ ಕೆಲ್ಸಕ್ಕೆ ಬತ್ತದೆ?"

ನಾನು ಅವರ ಮುಖ ನೋಡಿದೆ. ತಮಾಷೆಗೆ ಕೇಳಿದ್ದಲ್ಲ. ಆ ಹಗ್ಗದ ಮೇಲೆ ಅವರಿಗೆ ನಿಜವಾಗಿಯೂ ಮರುಕ ಇತ್ತು. ನನಗೆ ನಗು ಬಂತು.

"ಇವತ್ತಿನ್ ಕೆಲ್ಸಕ್ಕೆ ಬತ್ತದೆ ಕೊಡ್ರೀ," ಎಂದೆ.

ಕೊಟ್ಟರು. ನಾನೇ ಕತ್ತರಿಸಿದೆ. ಒಳ್ಳೆಯ ಹಗ್ಗ, ಚಾಕುವೂ ಒಳ್ಳೆಯದು. ಪಾದದ ಮುಂಭಾಗಕ್ಕೆ ಒತ್ತೊತ್ತಾಗಿ ಸುತ್ತಿ, ಹಿಮ್ಮಡಿಗೂ ಸುತ್ತಿ, ಕಣಕಾಲಿನ ಕೊಕ್ಕೆಗಳಿಗೆ ಸಿಕ್ಕಿಸಿ ಗಂಟು ಹಾಕಿದೆ. ಮೊದಲು ನನ್ನ ಕಾಲಿಗೆ, ಆಮೇಲೆ ಅವರ ಕಾಲಿಗೆ. ಅವರು ಮಗುವಿನ ಹಾಗೆ ಕಾಲು ಮುಂದೆ ಚಾಚಿ ಕೂತಿದ್ದರು. ಹೊರಗೆ ಹೆಜ್ಜೆ ಇಟ್ಟು ನೋಡಿದೆ. ಹಿಡಿಯಿತು.

ಬಿಸಿಲು ವಾಲಿದ ಮೇಲೆ ಹೊರಟೆವು. ನಾನು ಮುಂದೆ ಇಳಿದೆ. ಸ್ವಲ್ಪ ದೂರ ಬಂದು ತಿರುಗಿದರೆ ಅವರು ಬಾಗಿಲಿನಿಂದ ಕೆಲವೇ ಕಚ್ಚು ಕೆಳಗೆ ಕಂಬಿಯನ್ನು ತಬ್ಬಿಕೊಂಡು ಕೂತುಬಿಟ್ಟಿದ್ದಾರೆ. ಬನ್ನಿ ಎಂದು ಕೂಗಿದೆ. ಅಲುಗಲಿಲ್ಲ. ಹಗ್ಗ ಸಡಿಲವಾಯಿತೇ ಎಂದು ಮತ್ತೆ ಹತ್ತಿ ಹೋದೆ. ಹಗ್ಗ ಸರಿಯಾಗಿತ್ತು. ಅವರು ಬೆವರಿ ತೊಯ್ದು ಹೋಗಿದ್ದರು, ಕಣ್ಣು ಮುಚ್ಚಿದ್ದರು, ಕಂಬಿ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

"ನನ್ನ ಕೈಲಾಗಕಿಲ್ಲ ಕಣೆ. ನೀನು ಹೋಗು," ಎಂದರು.

ಎದೆ ನೋವೇ ಎಂದು ಕೇಳಿದೆ. ಅಲ್ಲ ಎಂದು ತಲೆ ಆಡಿಸಿದರು. ಕಣ್ಣು ಮುಚ್ಚಿಕೊಂಡೇ ಹೇಳಿದರು. ತಾವು ಈ ಬೆಟ್ಟವನ್ನು ಒಂದು ಸಲವೂ ಹತ್ತಿಲ್ಲ ಅಂದರು. ಚಿಕ್ಕವರಿದ್ದಾಗ ಜೊತೆಯ ಹುಡುಗರೆಲ್ಲ ಹತ್ತುವಾಗ ಕೆಳಗಿನ ಬಾಗಿಲಲ್ಲಿ ಅವರ ಚಪ್ಪಲಿ ಕಾಯುತ್ತ ಕೂರುತ್ತಿದ್ದರಂತೆ. ತಾರಸಿಯ ಅಂಚಿಗೆ ಹೋದರೂ ತಲೆ ಸುತ್ತಿ ಅಲ್ಲೇ ಕೂತುಬಿಡುತ್ತಿದ್ದರಂತೆ. ಮದುವೆಯಾಗಿ ಇಷ್ಟು ವರ್ಷ, ನಮ್ಮ ಮನೆಯ ಟ್ಯಾಂಕಿಗೆ ಏನಾದರೂ ಆದರೆ ಯಾರನ್ನಾದರೂ ಕರೆಸುತ್ತಿದ್ದದ್ದು ಯಾಕೆಂದು ನಾನು ಯೋಚಿಸಿಯೇ ಇರಲಿಲ್ಲ.

"ಮತ್ತೆ ಇಷ್ಟೆಲ್ಲ ಯಾಕ್ರೀ ತಂದ್ರಿ?" ಎಂದೆ.

"ಎಲ್ಲ ಒಳ್ಳೇದೇ ಇದ್ರೆ ಭಯ ಆಗಕಿಲ್ಲ ಅನ್ಕಂಡಿದ್ದೆ. ಒಂದೊಂದು ತಂದಾಗ್ಲೂ ಇನ್ನೂ ಒಂದು ಬೇಕು ಅನ್ನುಸ್ತಿತ್ತು."

ಒಂದು ಕಚ್ಚು ಕೆಳಗೆ ಇಳಿದು ಬಂಡೆಗೆ ಮುಖ ಮಾಡಿ ಕೂತೆ. ಕೆಳಗೆ ನೋಡಬೇಡಿ, ನನ್ನ ಕೈ ನೋಡಿ ಎಂದೆ. ಅವರ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿನ ಕಚ್ಚಿಗೆ ಇಟ್ಟೆ. ಒತ್ತಿ ಹಿಡಿದುಕೊಂಡೆ. ಆಮೇಲೆ ಎಡಗಾಲು. ಅವರು ಕೂತೇ ಒಂದು ಗೇಣು ಜಾರಿದರು. ಮತ್ತೆ ನಾನು ಒಂದು ಕಚ್ಚು ಇಳಿದೆ, ಮತ್ತೆ ಬಲಗಾಲು. ಹೀಗೇ ಇಡೀ ಇಳಿಜಾರು. ಬಂಡೆಯ ಕಾವಿಗೆ ನನ್ನ ಮೊಣಕಾಲು, ಅಂಗೈ ಕೆಂಪಾದವು. ಒಂದೆರಡು ಕಡೆ ಕಂಬಿಯೇ ಇರಲಿಲ್ಲ. ಅಲ್ಲಿ ಅವರು ನನ್ನ ಹೆಗಲು ಹಿಡಿದುಕೊಂಡರು. ಅವರೇನಾದರೂ ಜಾರಿದರೆ ಇಬ್ಬರೂ ಹೋದೆವು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಿಟ್ಟು ಹೋಗುವಂತಿಲ್ಲ, ಬೇಗ ಹೋಗುವಂತಿಲ್ಲ. ಅವರ ಕಾಲು ಎಷ್ಟು ಹೊತ್ತಿಗೆ ಸಡಿಲವಾಗುತ್ತದೋ ಅಷ್ಟು ಹೊತ್ತು ಅಲ್ಲೇ ಹಿಡಿದು ಕೂರಬೇಕು. ನಡುವೆ ಒಂದು ಸಲ ಅವರು ಅತ್ತರು. ನಾನು ತಲೆ ಎತ್ತಲಿಲ್ಲ.

ಮೆಟ್ಟಿಲು ಸಿಕ್ಕಾಗ ಸಂಜೆಯಾಗಿತ್ತು. ಊರಿನಲ್ಲಿ ದೀಪ ಹತ್ತುತ್ತಿತ್ತು. ಮೊದಲ ಮೆಟ್ಟಿಲ ಮೇಲೆ ಅವರು ತಾವೇ ಎದ್ದು ನಿಂತರು. ಮನೆಗೆ ಹೋಗುವಾಗ ಮುಖ್ಯ ಬೀದಿ ಬಿಟ್ಟು ಹಿಂದಿನ ಓಣಿಯಲ್ಲಿ ಹೋದೆವು, ಕಾಲಿಗೆ ಹಗ್ಗ ಸುತ್ತಿಕೊಂಡು ನಡೆಯುವವರನ್ನು ಯಾರಾದರೂ ನೋಡಿಯಾರು ಎಂದು. ಬಾಗಿಲು ತೆಗೆದ ಮೇಲೆ, ಇದನ್ನು ಮಗಳಿಗೂ ಹೇಳಬೇಡ ಎಂದರು. ಶೂ ಪುಡಿಯಾದದ್ದನ್ನು ಮಾತ್ರ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ.

ಮುಂದಿನ ಭಾನುವಾರ ನಾನು ಅಟ್ಟದಿಂದ ಎಲ್ಲವನ್ನೂ ಇಳಿಸಿದೆ. ಅವರು ತಡೆಯಲಿಲ್ಲ. ಟೆಂಟಿನ ಬಟ್ಟೆ ಮಡಿಕೆ ಮಡಿಕೆಯಲ್ಲಿ ಅಂಟಂಟಾಗಿತ್ತು. ಟಾರ್ಚಿನಲ್ಲಿ ಬ್ಯಾಟರಿ ಒಡೆದು ಬೆಳ್ಳಗೆ ಪುಡಿ ಹಿಡಿದಿತ್ತು. ಸ್ಟೀಲ್ ಪಾತ್ರೆಗಳಿಗೆ ಏನೂ ಆಗಿರಲಿಲ್ಲ. ಅವತ್ತೇ ಒಂದರಲ್ಲಿ ಅನ್ನ ಮಾಡಿದೆ, ತಳ ಹತ್ತಲಿಲ್ಲ. ಮಿಕ್ಸಿಯೂ ಚೆನ್ನಾಗಿ ತಿರುಗಿತು. ಸೋಫಾದ ಪ್ಲಾಸ್ಟಿಕ್ಕು ಕಿತ್ತೆ. ಕೆಳಗಿನ ಬಟ್ಟೆಯ ನಿಜವಾದ ಬಣ್ಣ ಹಸಿರು ಎಂದು ನಾನು ಮರೆತೇಬಿಟ್ಟಿದ್ದೆ. ಅವರು ಅದರ ಮೇಲೆ ಕೂರಲಿಲ್ಲ, ಬಹಳ ದಿನ ಕುರ್ಚಿಯಲ್ಲೇ ಕೂತರು. ಯಾರಾದರೂ ಫ್ರಿಜ್ಜು, ವಾಷಿಂಗ್ ಮಷೀನು ಎಂದು ಫೋನ್ ಮಾಡಿದರೆ, ನಂಗೇನ್ ಗೊತ್ತಪ್ಪ, ಅಂಗಡೀಲೇ ಕೇಳು ಎಂದು ಇಟ್ಟುಬಿಡುತ್ತಿದ್ದರು. ಆ ದನಿ ಕೇಳುವುದು ಹಳೆಯ ಪ್ಲಾಸ್ಟಿಕ್ಕಿನ ಮೇಲೆ ಕೂರುವುದಕ್ಕಿಂತ ಕಷ್ಟವಾಗಿತ್ತು. ಅವರಿಗಿದ್ದ ಆ ಹೆಮ್ಮೆಯನ್ನು ಕಸಿದುಕೊಂಡವಳು ನಾನೇನೋ ಅನ್ನುವ ಹಾಗೆ.

ಮಳೆಗಾಲದ ಹೊತ್ತಿಗೆ ಶಿರಾದಲ್ಲಿ ಒಂದು ಮದುವೆಗೆ ಹೋಗಿದ್ದೆವು. ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರದ ಚಪ್ಪಲಿ ಅಂಗಡಿಗೆ ನಾನೇ ನುಗ್ಗಿದೆ. ಬೆಟ್ಟ ಹತ್ತುವುದಕ್ಕೆ ಶೂ ಬೇಕು ಎಂದೆ. ಅಂಗಡಿಯ ಸಾಬರು ಮೂರ್ನಾಲ್ಕು ಜೊತೆ ಹಾಕಿದರು. ನಾನು ಒಂದೊಂದನ್ನೂ ತೊಟ್ಟು, ಅಂಗಡಿಯ ಮುಂದೆ ಗಾಡಿ ಹತ್ತಿಸುವ ಸಿಮೆಂಟಿನ ಇಳಿಜಾರಿನಲ್ಲಿ ಮೇಲೆ ಕೆಳಗೆ ನಡೆದೆ. ಬೆರಳಿಗೆ ಒತ್ತದ, ಜಾರದ ಒಂದು ಜೊತೆ ಸಿಕ್ಕಿತು. ಅವರು ಹೊರಗೆ ಬಸ್ಸು ಬರುವ ಕಡೆ ನೋಡುತ್ತ ನಿಂತಿದ್ದರು. ಕೊನೆಗೆ ತಡೆಯಲಾರದೆ ಒಳಗೆ ಬಂದು, ಹಿಮ್ಮಡಿಯನ್ನು ಹೆಬ್ಬೆರಳಲ್ಲಿ ಒತ್ತಿ, ಹೊಲಿಗೆ ನೋಡಿ, ಪರವಾಗಿಲ್ಲ ಎಂದರು. ಮಾರನೆಯ ದಿನದಿಂದಲೇ ಅದನ್ನು ಸ್ಕೂಲಿಗೂ ಹಾಕಿಕೊಂಡು ಹೋಗತೊಡಗಿದೆ. ಈಗ ಅದರ ಮುಂಭಾಗ ಸವೆದಿದೆ.

ಪಾವಗಡದ ಆ ಟೀಚರ್ ಜೊತೆ ನಾನೀಗ ಭಾನುವಾರಗಳಲ್ಲಿ ಬೆಟ್ಟ ಹತ್ತುತ್ತೇನೆ. ತುದಿಯನ್ನೂ ಮುಟ್ಟಿ ಬಂದಿದ್ದೇನೆ. ಅವರು ಕೆಳಗಿನ ಬಾಗಿಲವರೆಗೆ ಬರುತ್ತಾರೆ. ಮನೆಗೆ ಹೋಗಿ ಎಂದರೆ ಹೋಗುವುದಿಲ್ಲ. ನಾವು ಇಳಿಯುವವರೆಗೂ ಅಲ್ಲಿಯ ಕಲ್ಲಿನ ಮೇಲೆ ಕೂತಿರುತ್ತಾರೆ. ಅಲ್ಲಿಂದ ಮೇಲೆ ನೋಡುವುದಕ್ಕೂ ಅವರಿಗೆ ಆಗುವುದಿಲ್ಲ, ಹಾಗಾಗಿ ರಸ್ತೆಯ ಕಡೆ ಮುಖ. ಮೇಲೆ ಗಾಳಿ ಚೆನ್ನಾಗಿರುತ್ತದೆ. ಜೊತೆಗಾತಿ ಇನ್ನೂ ಸ್ವಲ್ಪ ಹೊತ್ತು ಕೂರೋಣ ಅಕ್ಕಾ ಅನ್ನುತ್ತಾಳೆ. ನನಗೂ ಆಸೆ. ಆದರೆ ಅಷ್ಟು ಎತ್ತರದಿಂದಲೂ ಅವರ ಬಿಳಿ ಅಂಗಿ ಎಲ್ಲಿದೆ ಎಂದು ನನ್ನ ಕಣ್ಣು ಹುಡುಕುತ್ತದೆ. ಕಂಡ ಮೇಲೆ ಕೂರಲಾಗುವುದಿಲ್ಲ, ನೀರು ಕುಡಿದು ಎದ್ದುಬಿಡುತ್ತೇನೆ.